ಹುಡುಗನ ಪಾಲು

"ಇರೋ, ನಾನೂ ಬರ್ತೀನಿ" ಎಂದು ಅಕ್ಕ ಒಳಗಿನಿಂದ ಕೂಗಿದಾಗ ಅವನ ಒಂದು ಕಾಲು ಆಗಲೇ ಹೊಸಿಲಾಚೆಗಿತ್ತು. ಇನ್ನೊಂದನ್ನೂ ಆಚೆಗಿಟ್ಟು, ಕೇಳಿಸಲೇ ಇಲ್ಲವೆಂಬಂತೆ ಮೆಟ್ಟಿಲಿಳಿದುಬಿಡಬಹುದಾಗಿತ್ತು. ಹಾಗೊಂದು ಯೋಚನೆ ಬಂದದ್ದಕ್ಕೇ ನಾಚಿಕೆಯಾಗಿ ಅವನು ಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತ. ಮದುವೆಯಾಗಿ ಹೋದಮೇಲೆ ಅಕ್ಕ ಮೊದಲ ಸಲ ಬಂದಿದ್ದಳು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಗಡಿಯಾರ ರಿಪೇರಿ ಮಾಡುವ ಒಬ್ಬ ವಿಧುರನನ್ನು ಒಪ್ಪಿಕೊಂಡು, "ಇದೊಂದು ಬಾಕಿ ಇತ್ತು, ಇದೂ ಆಗಿಹೋಗ್ಲಿ" ಎಂದು ನಗುತ್ತ ರೈಲು ಹತ್ತಿದವಳು. ಐವತ್ತೆರಡು ತುಂಬಿದವನಿಗೆ ಹೊಸದಾಗಿ ಒಬ್ಬ ಭಾವ ಹುಟ್ಟಿಕೊಂಡದ್ದು ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ವಾರಗಟ್ಟಲೆ ತಮಾಷೆಯ ವಸ್ತುವಾಗಿತ್ತು. ಅವನೂ ನಕ್ಕಿದ್ದ. ನಕ್ಕು ಮನೆಗೆ ಬಂದು, ಒಬ್ಬನಿಗಾಗುವಷ್ಟು ಅಕ್ಕಿ ತೊಳೆಯುವಾಗ, ಒಬ್ಬನಿಗೆ ಅಂದರೆ ಇಷ್ಟೇನೇ ಎಂದು ಬೆರಗಾಗಿ ಪಾತ್ರೆಯ ತಳವನ್ನೇ ನೋಡುತ್ತ ನಿಂತಿದ್ದ.

"ನೀನ್ಯಾಕೆ ಬಿಸಿಲಲ್ಲಿ ಬರ್ತೀಯಕ್ಕ? ಏನು ಬೇಕು ಹೇಳು, ನಾನೇ ತರ್ತೀನಿ."

"ಬಿಸಿಲೆಲ್ಲಿದೆಯೋ? ಮೋಡ ಕವಿದು ಕೂತಿದೆ." ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. "ನಿಮ್ಮ ಭಾವನಿಗೆ ಆ ಎಳ್ಳಿನ ಬಿಸ್ಕತ್ತು ಒಯ್ಯಬೇಕು. ಅದಿರಲಿ, ನೀನು ಸಾಮಾನು ತರೋದನ್ನ ನಾನು ಒಂದು ಸಲ ಕಣ್ಣಾರೆ ನೋಡಬೇಕು. ಉಪ್ಪು ಯಾವುದು ಸಕ್ಕರೆ ಯಾವುದು ಗೊತ್ತಿರಲಿಲ್ಲ ನಿಂಗೆ."

ಹೋಗದೆ ಇರುವಂತಿರಲಿಲ್ಲ. ಭಾನುವಾರ ಬೆಳಗಿನ ಈ ಹೊತ್ತಿಗೆ, ಅವನೊಡನೆ ಸಾಮಾನು ಪಾಲು ಮಾಡಿಕೊಳ್ಳುವ ಇಸ್ತ್ರಿಯಮ್ಮ ಅಂಗಡಿಯ ಎಣ್ಣೆಯ ಸಾಲಿನ ಹತ್ತಿರ ಅವನಿಗಾಗಿ ಕಾಯುತ್ತಿರುತ್ತಾಳೆ. ಅವನು ಹೋಗದಿದ್ದರೆ ಆಕೆ ದೊಡ್ಡ ಕ್ಯಾನು ಕೊಳ್ಳಲಾರಳು. ಸಣ್ಣ ಪೊಟ್ಟಣಕ್ಕೆ ಹೆಚ್ಚು ತೆತ್ತು ಹೋಗಬೇಕಾಗುತ್ತದೆ. ಹೋದರೆ, ಜೊತೆಯಲ್ಲಿ ಅಕ್ಕ. ಅಕ್ಕನ ಬಾಯಿ ಅವನಿಗೆ ಗೊತ್ತು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಇಳಿಯುವುದರೊಳಗೆ ಅವನ ಮೂಲವ್ಯಾಧಿಯ ಸಮಾಚಾರವನ್ನೂ ಹೇಳಿಮುಗಿಸುವ ಬಾಯಿ ಅದು. ಬಿಸಿ ಅನ್ನ ಬಾಯಿಗಿಟ್ಟುಕೊಂಡವನ ಹಾಗೆ, ನುಂಗಲಾರದೆ ಉಗುಳಲಾರದೆ, ಅವನು ಅವಳ ಪಕ್ಕದಲ್ಲಿ ನಡೆದ. ನಿನ್ನೆ ಅವಳು ಬರುವ ಮೊದಲು ಅಡುಗೆಮನೆಯ ಮೂಲೆಯಲ್ಲಿ ಮೊಳಕೆಯೊಡೆದು ಹಸಿರು ಕೋಡು ಬಿಟ್ಟಿದ್ದ ಈರುಳ್ಳಿಯನ್ನೆಲ್ಲ ತುಂಬಿ, ತನ್ನ ಬೀದಿಯಲ್ಲಿ ಯಾರಾದರೂ ನೋಡಿಯಾರೆಂದು ಹಿಂದಿನ ಬೀದಿಯ ಕಸದ ತೊಟ್ಟಿಗೆ ಸುರಿದು ಬಂದಿದ್ದ. ಸುರಿಯುವಾಗ ಕೈಯೆಲ್ಲ ಕೊಳೆತ ವಾಸನೆ. ಈರುಳ್ಳಿಯ ಬೆಲೆ ಕೇಳಿದರೇ ಕಣ್ಣಲ್ಲಿ ನೀರು ಬರುವ ಈ ಕಾಲದಲ್ಲಿ ಒಂದು ಮನೆಯವರು ವಾರವೆಲ್ಲ ತಿನ್ನಬಹುದಾದಷ್ಟನ್ನು ಕಳ್ಳನ ಹಾಗೆ ಚೆಲ್ಲಿಬಂದಿದ್ದ. ಉಳಿತಾಯ ಮಾಡಲು ಹೊರಟದ್ದರ ಫಲ ಅದು.

ಉಳಿತಾಯದಿಂದಲೇ ಶುರುವಾಗಿದ್ದು ನಿಜ. ಅಕ್ಕ ಹೋದ ಹೊಸತರಲ್ಲಿ ಅಂಗಡಿಯ ಸಾಲುಗಳ ನಡುವೆ ಅವನು ದಾರಿ ತಪ್ಪಿದವನ ಹಾಗೆ ಸುತ್ತುತ್ತಿದ್ದ. ಪ್ರತಿ ವಾರವೂ ಬೆಲೆಯ ಚೀಟಿಯ ಮೇಲೆ ಹೊಸ ಚೀಟಿ. ಒಂದರ ಮೇಲೊಂದು ಅಂಟಿಸಿ ಅಂಟಿಸಿ ಕೆಲವು ಕಡೆ ಚೀಟಿಯೇ ಗಾಯದ ಪಟ್ಟಿಯ ಹಾಗೆ ಉಬ್ಬಿಕೊಂಡಿತ್ತು. ದೊಡ್ಡದು ಕೊಂಡವನಿಗೆ ಅಗ್ಗ, ಚಿಕ್ಕದು ಕೊಂಡವನಿಗೆ ತುಟ್ಟಿ. ಹೀಗೆ ಒಬ್ಬಂಟಿಯಾಗಿರುವುದಕ್ಕೆ ಪ್ರತಿ ಸಾಮಾನಿನ ಮೇಲೂ ಒಂದಿಷ್ಟು ದಂಡ ಸೇರಿಸಿಟ್ಟಿದ್ದಾರೆ ಎಂದು ಅವನಿಗೆ ಅರ್ಥವಾಗಲು ಬಹಳ ದಿನ ಹಿಡಿಯಲಿಲ್ಲ. ಅಂಥ ಒಂದು ಭಾನುವಾರ, ಮೊಣಕೈವರೆಗೆ ಅಂಗಿಯ ತೋಳು ಮಡಚಿದ್ದ ಒಬ್ಬ ಹೆಂಗಸು ಬೇಳೆಯ ಪೊಟ್ಟಣವೊಂದನ್ನು ಅವನ ಮೂಗಿಗೆ ಹಿಡಿದು, "ಸಾರ್, ಇದರಲ್ಲಿ ತೂಕ ಎಷ್ಟು ಬರೆದಿದೆ, ಸ್ವಲ್ಪ ನೋಡಿ. ಇರುವೆ ಸಾಲಿನ ಹಾಗಿದೆ, ನಂಗೆ ಕಾಣಲ್ಲ" ಅಂದಿದ್ದಳು. ದಿನವಿಡೀ ಕನ್ನಡಕದ ಗಾಜು ಉಜ್ಜಿ ಅಳೆಯುವವನಿಗೆ ಆ ಅಕ್ಷರ ಏನೂ ಕಷ್ಟವಾಗಿರಲಿಲ್ಲ. ಓದಿ ಹೇಳಿದ. "ನೋಡಿದ್ರಾ!" ಎಂದಳು ಆಕೆ, ಕಳ್ಳ ಸಿಕ್ಕಿಬಿದ್ದನೆಂಬ ಖುಷಿಯಲ್ಲಿ. "ಪೊಟ್ಟಣ ಅದೇ, ಚಿತ್ರ ಅದೇ, ಒಳಗಡೆ ಮಾತ್ರ ಒಂದು ಹಿಡಿ ಕಮ್ಮಿ. ಬೆಲೆ ಏರಿಸಿದ್ರೆ ಬೈತೀವಿ ಅಂತ ಹೊಟ್ಟೆ ಇಳಿಸಿದಾರೆ."

ಆಮೇಲಿನ ವಾರ ಆಕೆಯೇ ಬಂದು ಕೇಳಿದಳು. ದೊಡ್ಡ ಕ್ಯಾನು ಎಣ್ಣೆಯನ್ನು ಇಬ್ಬರೂ ಸೇರಿ ಕೊಂಡು ಅರ್ಧರ್ಧ ಮಾಡಿಕೊಂಡರೆ ಹೇಗೆ? ಅಕ್ಕಿ, ಬೇಳೆ, ಈರುಳ್ಳಿ, ಮೊಟ್ಟೆಯ ಟ್ರೇ ಎಲ್ಲವನ್ನೂ ಹಾಗೆಯೇ. ತಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಇಸ್ತ್ರಿ ಮಾಡುವವಳು, ಸಂಬಳದ ದಿನವೇ ಎಲ್ಲ ತರುವಷ್ಟು ಕೈಯಲ್ಲಿ ದುಡ್ಡಿರುವುದಿಲ್ಲ ಎಂದಳು. ಅವನು ತಲೆಯಾಡಿಸಿದ. "ಮನೇಲಿ ಎಷ್ಟು ಜನ ಸಾರ್?" ಎಂದು ಆಕೆ ಕೇಳಿದ್ದು ಸಹಜವಾಗಿಯೇ, ಪಾಲು ಮಾಡಬೇಕಾದವರು ಕೇಳಲೇಬೇಕಾದ ಪ್ರಶ್ನೆ. ಒಬ್ಬನೇ ಎಂದುಬಿಟ್ಟರೆ, ಒಬ್ಬನಿಗೆ ಇಷ್ಟೆಲ್ಲ ಯಾಕೆ, ಬೇಡ ಬಿಡಿ, ಬೇರೆ ಯಾರನ್ನಾದರೂ ಹುಡುಕ್ತೀನಿ ಎಂದುಬಿಡುತ್ತಾಳೆ ಎನ್ನಿಸಿತು. "ಮೂರು" ಎಂದಿದ್ದ. "ಮಗು?" "ಒಬ್ಬನೇ. ಹುಡುಗ." "ಎಷ್ಟು ವರ್ಷ?" "ಏಳು." ಆಕೆ ಅವನ ನರೆತ ಕೂದಲನ್ನು ಒಂದು ಗಳಿಗೆ ನೋಡಿ, "ತಡವಾಗಿ ಹುಟ್ಟಿದ್ದು. ಮುದ್ದು ಜಾಸ್ತಿ ಮಾಡಿ ಕೆಡಿಸಬೇಡಿ ಮತ್ತೆ" ಎಂದು ನಕ್ಕಿದ್ದಳು. ಆ ನಗುವಿನಲ್ಲಿ ಅವನು ಒಮ್ಮೆಲೇ ಮನೆಯಿದ್ದವನಾಗಿಬಿಟ್ಟಿದ್ದ.

ಅಂಗಡಿಯ ಹೊರಗೆ, ತಳ್ಳುಗಾಡಿಗಳನ್ನು ನಿಲ್ಲಿಸುವ ಕಡೆ ಒಂದು ಸಿಮೆಂಟಿನ ಕಟ್ಟೆ. ಅದೇ ಅವರ ಪಾಲಿನ ಜಾಗ. ಆಕೆ ಚೀಲದಿಂದ ಆಲಿಕೆ, ಖಾಲಿ ಬಾಟಲಿ, ಒಂದು ಹಳೆಯ ಲೋಟ ತೆಗೆಯುತ್ತಿದ್ದಳು. ನಿಮಗೊಂದು ನನಗೊಂದು, ನಿಮಗೊಂದು ನನಗೊಂದು ಎಂದು ಲೋಟದಲ್ಲಿ ಅಕ್ಕಿ ಅಳೆಯುವಾಗ ಆಕೆಯ ಮುಂಗೈ ಮೇಲಿನ ಹಳೆಯ ಸುಟ್ಟ ಕಲೆಗಳು ಏಳುತ್ತ ಇಳಿಯುತ್ತ ಇರುತ್ತಿದ್ದವು. ಅಳೆಯುತ್ತಲೇ ಉಪದೇಶ: ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಬರಬಾರದು, ಸಂಜೆ ಬಾಗಿಲು ಹಾಕುವ ಮೊದಲು ಬ್ರೆಡ್ಡಿಗೆ ಬೆಲೆ ಇಳಿಸುತ್ತಾರೆ, ಸೊಟ್ಟ ಕ್ಯಾರೆಟ್ಟಿಗೂ ನೆಟ್ಟ ಕ್ಯಾರೆಟ್ಟಿಗೂ ಹೊಟ್ಟೆಯೊಳಗೆ ಹೋದಮೇಲೆ ಏನು ವ್ಯತ್ಯಾಸ, ಕಣ್ಣಿಗೆ ನೇರ ಇಟ್ಟದ್ದನ್ನು ಮುಟ್ಟಬಾರದು, ಕೆಳಗಿನ ಸಾಲಿನದನ್ನೇ ನೋಡಬೇಕು. "ಬಗ್ಗಿದೋರಿಗೇ ಅಗ್ಗ ಸಾರ್" ಎಂದು ತನ್ನ ಮಾತಿಗೆ ತಾನೇ ನಗುವಳು. ಆಕೆಯ ಮನೆಯಲ್ಲಿ ಅತ್ತೆ, ತಾನು, ಮೂರು ಮಕ್ಕಳು. ಗಂಡನ ಮಾತು ಎಂದೂ ಬರಲಿಲ್ಲ; ಅವನೂ ಕೇಳಲಿಲ್ಲ. ವಾರದ ಆರು ದಿನ ಅವನು ಮನೆಯ ಗೋಡೆಗಳಿಗೆ ಎರಡು ಮಾತೂ ಆಡದವನು, ಭಾನುವಾರ ಆ ಕಟ್ಟೆಯ ಮೇಲೆ ಕೂತು ಇಲ್ಲದ ಹುಡುಗನ ವಿಷಯ ಹೇಳುತ್ತಿದ್ದ. ಮುಂದಿನ ಹಲ್ಲು ಬಿದ್ದಿದೆ. ಹಾಲು ಅಂದರೆ ಆಗದು. ಗಣಿತ ಪರವಾಗಿಲ್ಲ. ಹೆಂಡತಿಯ ವಿಷಯ ಕೇಳಿದರೆ ಮಾತ್ರ ಅವನಿಗೆ ಏನೂ ಹೊಳೆಯುತ್ತಿರಲಿಲ್ಲ. ಅವಳು ಹೆಚ್ಚು ಮಾತಾಡುವವಳಲ್ಲ ಎಂದು ಸುಮ್ಮನಾಗುತ್ತಿದ್ದ. ಹುಡುಗ ಹಾಗಲ್ಲ. ಕನ್ನಡಕದ ಅಂಗಡಿಯಲ್ಲಿ ಚಿಕ್ಕ ಚೌಕಟ್ಟಿಗೆ ಗಾಜು ಕೂರಿಸುವಾಗ, ಇವನಿಗೂ ಇಷ್ಟರಲ್ಲೇ ಒಂದು ಬೇಕಾದೀತೇನೋ, ತೀರ ಹತ್ತಿರ ಹಿಡಿದು ಓದುತ್ತಾನೆ ಎಂಬ ಯೋಚನೆ ಬಂದು, ಬಂದದ್ದು ತಿಳಿದು, ಕೈ ಒಂದು ಕ್ಷಣ ನಿಂತುಬಿಡುತ್ತಿತ್ತು.

ತಪ್ಪಾದದ್ದು ಜ್ವರದಿಂದ. ಒಂದು ವಾರ ಹೇಳಲು ಬೇರೇನೂ ಇಲ್ಲದೆ, ಹುಡುಗನಿಗೆ ಜ್ವರ, ಊಟ ಸೇರುತ್ತಿಲ್ಲ, ಬಡವಾಗಿದ್ದಾನೆ ಎಂದುಬಿಟ್ಟ. ಆಕೆ ಮೊಟ್ಟೆ ಎಣಿಸುವುದನ್ನು ನಿಲ್ಲಿಸಿದಳು. ತನ್ನ ಪಾಲಿನಿಂದ ಎರಡು ಎತ್ತಿ ಅವನ ಕಡೆ ಇಟ್ಟಳು. "ಬೇಡ, ಬೇಡ" ಎಂದ. "ನಿಮಗಲ್ಲ ಕೊಟ್ಟಿದ್ದು, ಸುಮ್ನಿರಿ" ಎಂದಳು. ಮುಂದಿನ ವಾರವೂ ಎರಡು. ಅದರ ಮುಂದಿನ ವಾರ, "ನಮ್ಮ ಚಿಕ್ಕೋಳು ಹೇಳಿ ಕಳಿಸಿದಾಳೆ, ಅವಳ ಪಾಲಿಂದು ಅವನಿಗೆ ಕೊಡಬೇಕಂತೆ. ಅವನು ಬೇಗ ದಪ್ಪ ಆಗ್ಲಿ ಅಂತ." ಆ ದಿನದಿಂದಲೇ ಆಕೆ ಅವನನ್ನು ಅಣ್ಣ ಎಂದು ಕರೆಯತೊಡಗಿದ್ದು. ಸಾರ್ ಎಂಬುದರಿಂದ ಅಣ್ಣ ಎಂಬುದಕ್ಕೆ ಬಂದಾಗ ಒಳಗೆಲ್ಲೋ ಸಣ್ಣಗೆ ಏನೋ ಮುರಿದಂತಾಯಿತು. ಆ ಮುರಿದದ್ದು ಏನೆಂದು ನೋಡಲು ಅವನಿಗೆ ಧೈರ್ಯವಿರಲಿಲ್ಲ. ಮನೆಗೆ ಬಂದು ಎರಡೂ ಮೊಟ್ಟೆಯನ್ನು ಬೇಯಿಸಿಕೊಂಡು, ಗೋಡೆಗೆ ಮುಖ ಮಾಡಿ, ಬೇಗಬೇಗ ತಿಂದಿದ್ದ. ರುಚಿಯಾಗಿದ್ದವು. ಅದೇ ಅವನನ್ನು ಹೆಚ್ಚು ಕಾಡಿದ್ದು.

"ಏನೋ ಅದು, ನಡೀತಾ ನಡೀತಾ ನಿದ್ದೆ ಮಾಡ್ತೀಯಾ?" ಅಕ್ಕ ತೋಳು ಹಿಡಿದು ಎಳೆದಳು. ಅಂಗಡಿ ಬಂದಿತ್ತು.

ಬಿಸ್ಕತ್ತಿನ ಸಾಲು ಒಂದು ಕೊನೆ, ಎಣ್ಣೆಯದು ಇನ್ನೊಂದು ಕೊನೆ. "ನೀನು ಇಲ್ಲಿ ನೋಡ್ತಾ ಇರು, ನಾನು ಹೀಗೆ ಹೋಗಿ ಹಾಗೆ ಬರ್ತೀನಿ" ಎಂದು ಅವನು ಹೆಚ್ಚುಕಡಿಮೆ ಓಡಿದ. ಇಸ್ತ್ರಿಯಮ್ಮ ಅಲ್ಲೇ ಇದ್ದಳು, ಕ್ಯಾನನ್ನು ಆಗಲೇ ಬುಟ್ಟಿಗೆ ಹಾಕಿಕೊಂಡು. "ಇವತ್ತು ಬೇಗ ಮುಗಿಸೋಣ, ಮನೇಲಿ ನೆಂಟರು" ಎಂದ. "ಹೌದಾ? ಯಾರು?" ಎಂದು ಆಕೆ ಕೇಳುವುದಕ್ಕೂ ಬಿಸ್ಕತ್ತಿನ ಪೊಟ್ಟಣ ಅಲ್ಲಾಡಿಸುತ್ತ ಅಕ್ಕ ಅವನ ಬೆನ್ನ ಹಿಂದೆ ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಬೆಂಕಿ ಬಿದ್ದಿದೆಯೋ ಬಿಸ್ಕತ್ತಿಗೂ!" ಎಂದ ಅಕ್ಕ, ಎದುರಿಗಿದ್ದವಳನ್ನೂ ಬುಟ್ಟಿಯನ್ನೂ ತಮ್ಮನ ಮುಖವನ್ನೂ ನೋಡಿದಳು. "ಯಾರೋ ಇವರು?"

"ಇವರು... ಸಾಮಾನು... ಒಟ್ಟಿಗೆ ತಗೋತೀವಿ. ನಮ್ಮಕ್ಕ" ಎಂದ.

"ಓ, ಅಕ್ಕನಾ!" ಇಸ್ತ್ರಿಯಮ್ಮನ ಮುಖ ಅರಳಿತು. "ಒಳ್ಳೇದಾಯ್ತು ನೀವು ಬಂದಿದ್ದು. ಅಣ್ಣ ಒಬ್ಬರೇ ಎಷ್ಟು ಅಂತ ಒದ್ದಾಡ್ತಾರೆ. ಈಗ ಹೇಗಿದಾನೆ ಹುಡುಗ? ಜ್ವರ ಬಿಡ್ತಾ?"

"ಯಾವ ಹುಡುಗ?" ಎಂದಳು ಅಕ್ಕ.

"ಇವರ ಮಗನೇ."

ಆಗ ಅಕ್ಕ ನಕ್ಕಳು. ಕೆಟ್ಟ ನಗುವಲ್ಲ, ಒಳ್ಳೆಯ ತಮಾಷೆ ಕೇಳಿದಾಗ ಅವಳು ಯಾವಾಗಲೂ ನಗುವ, ಹೊಟ್ಟೆಯಿಂದ ಬರುವ, ಮನೆ ತುಂಬುವ ನಗು. ಸಾಲಿನಲ್ಲಿದ್ದ ಇಬ್ಬರು ಮೂವರು ತಿರುಗಿ ನೋಡಿದರು. "ಇವನಿಗೆ ಮಗನಾ? ಮದುವೆನೇ ಆಗಿಲ್ವಲ್ಲಮ್ಮ ಈ ಪುಣ್ಯಾತ್ಮನಿಗೆ! ಬೇರೆ ಯಾರೋ ಅಂದ್ಕೊಂಡಿದೀರ ನೀವು. ಇವನು ಒಂಟಿ ಪಿಶಾಚಿ, ನಾನು ಹೋದಮೇಲಂತೂ..." ಅಷ್ಟರಲ್ಲಿ ತಮ್ಮನ ಮುಖ ಅವಳಿಗೆ ಕಾಣಿಸಿತು. ನಗು ಅರ್ಧಕ್ಕೇ ನಿಂತು ಬಾಯಿ ತೆರೆದೇ ಉಳಿಯಿತು.

ಇಸ್ತ್ರಿಯಮ್ಮ ಅವನನ್ನು ನೋಡಿದಳು. ಮೊದಲು ಆಕೆಯ ಮುಖದಲ್ಲಿ ಇದ್ದದ್ದು, ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು ಎಂಬ ಗೊಂದಲ ಮಾತ್ರ. ಆಮೇಲೆ ಅದು ನಿಧಾನವಾಗಿ ಇಳಿದು, ಲೆಕ್ಕ ಹಾಕುವವರ ಮುಖವಾಯಿತು. ಯಾವ ಲೆಕ್ಕವೆಂದು ಅವನಿಗೆ ಗೊತ್ತಿತ್ತು. ಆಕೆ ಬಗ್ಗಿ ಕ್ಯಾನನ್ನು ಬುಟ್ಟಿಯಿಂದೆತ್ತಿ, ತುಂಬ ಜೋಪಾನವಾಗಿ, ಅದು ಮೊದಲಿದ್ದ ಜಾಗದಲ್ಲೇ ಇಟ್ಟಳು. "ಬರ್ತೀನಮ್ಮ" ಎಂದು ಅಕ್ಕನಿಗೆ ಮಾತ್ರ ಹೇಳಿ ಹೊರಟುಹೋದಳು.

ಮನೆ ತಲಪುವವರೆಗೆ ಅಕ್ಕ ಮಾತಾಡಲಿಲ್ಲ. ಅಕ್ಕ ಸುಮ್ಮನೆ ನಡೆದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅವಳು ಸೀದಾ ಅಡುಗೆಮನೆಗೆ ಹೋದಳು. ಕಪಾಟಿನ ಬಾಗಿಲು ತೆಗೆಯುವ, ಡಬ್ಬಿ ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು. ಹುಳು ಬಿದ್ದ ಅಕ್ಕಿಯ ಡಬ್ಬಿ, ಕಮಟು ವಾಸನೆಗೆ ತಿರುಗಿದ ಎಣ್ಣೆಯ ಬಾಟಲಿಗಳು. ಮೂವರ ಪಾಲು ಹೊತ್ತು ತಂದು ಒಬ್ಬ ತಿಂದು ಮುಗಿಸಲಾರದೆ ಉಳಿದದ್ದೆಲ್ಲ ಅಲ್ಲಿತ್ತು. ಮೊದಲಿನಂತೆ ಸಣ್ಣ ಪೊಟ್ಟಣ ಕೊಂಡಿದ್ದರೆ ಅವನಿಗೆ ಇಷ್ಟು ಖರ್ಚೇ ಆಗುತ್ತಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದು ಅಕ್ಕ ಒಳಗಿನಿಂದಲೇ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ಅವನೆದುರು ನೆಲದ ಮೇಲೇ ಕೂತಳು.

"ಆ ಹುಡುಗ... ಹೆಂಗಿದ್ದ?"

ಬೇರೆ ಯಾರೇ ಕೇಳಿದ್ದರೂ ಅದು ಹಂಗಿಸುವ ಪ್ರಶ್ನೆಯಾಗುತ್ತಿತ್ತು. ಅಕ್ಕ ನಿಜವಾಗಿ ಕೇಳುತ್ತಿದ್ದಳು. "ಸುಮ್ನಿರಕ್ಕ" ಎಂದ.

"ನಾನು ಹೋಗಬಾರದಿತ್ತಾ?"

"ಛೆ, ಛೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಂಗೂ ಒಂದು ಮನೆ ಅಂತ ಬೇಕು ಅನ್ನಿಸ್ತು ಕಣೋ. ಇದು ಮನೆ ಅಲ್ಲ ಅಂತ ಅಲ್ಲ..." ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಅವನು ಜ್ವರದ, ಮೊಟ್ಟೆಯ ವಿಷಯವನ್ನೆಲ್ಲ ಹೇಳಿದ ಮೇಲೆ ಎದ್ದು, ಹಳೆಯ ಅಕ್ಕನ ದನಿಯಲ್ಲಿ ಅಂದಳು: "ಬರೋ ವಾರ ಹೋಗಿ ತಪ್ಪಾಯ್ತು ಅನ್ನು. ಅವಳ ಮಕ್ಕಳ ಬಾಯಿಂದ ತಿಂದದ್ದನ್ನ ವಾಪಸ್ ಕೊಡು. ಬೈದ್ರೆ ಬೈಸ್ಕೊ. ಬೈಸ್ಕೊಂಡ್ರೆ ಯಾರೂ ಸಾಯಲ್ಲ." ಮರುದಿನ ರೈಲು ಹತ್ತುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ತಲೆಯನ್ನು ಮುಟ್ಟಿದಳು. ಬಿಸ್ಕತ್ತು ಕೊಳ್ಳುವುದು ಮರೆತೇಹೋಗಿತ್ತು.

ಆ ವಾರವೆಲ್ಲ ಅವನು ಗಾಜು ಉಜ್ಜುತ್ತ ಆಡಬೇಕಾದ ಮಾತುಗಳನ್ನು ಉಜ್ಜಿದ. ತಪ್ಪಾಯಿತು ಎಂಬುದರ ಹಿಂದೆ ಮುಂದೆ ಏನು ಇಡಬೇಕೆಂಬುದೇ ತಿಳಿಯಲಿಲ್ಲ. ಒಬ್ಬನೇ ಅನ್ನಲು ನಾಚಿಕೆಯಾಯಿತು ಅನ್ನಲೇ? ಅದು ನಿಜವಿರಬಹುದು, ಆದರೆ ಮೊಟ್ಟೆ ತಿನ್ನಲು ನಾಚಿಕೆಯಾಗಲಿಲ್ಲವೇ ಎಂದು ಆಕೆ ಕೇಳಿದರೆ? ಭಾನುವಾರ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಒಂದು ಪೂರಾ ಟ್ರೇ ಮೊಟ್ಟೆ ಕೊಂಡು, ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಹತ್ತಿರ ನಿಂತ. ಬರುವುದಿಲ್ಲ ಎಂದುಕೊಂಡ. ಬಾರದಿರಲಿ ಎಂದೂ ಒಳಗೊಳಗೇ ಬೇಡಿಕೊಂಡ. ಆದರೆ ಆಕೆ ಬಂದಿದ್ದಳು, ಒಳಗಿದ್ದಳು, ಅವನು ಗಮನಿಸಿರಲಿಲ್ಲ. ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದವಳ ಕೈಚೀಲದಲ್ಲಿ ಸಣ್ಣ ಪೊಟ್ಟಣಗಳು. ಸಣ್ಣ ಎಣ್ಣೆ, ಸಣ್ಣ ಬೇಳೆ, ಒಂದು ಕಾಗದದಲ್ಲಿ ಸುತ್ತಿದ ನಾಲ್ಕೋ ಐದೋ ಮೊಟ್ಟೆ. ಅವನ ಜೊತೆ ಪಾಲು ಮಾಡಿಕೊಳ್ಳುವುದಕ್ಕಿಂತ ತುಟ್ಟಿಯಾದದ್ದನ್ನೇ ಕೊಳ್ಳುವುದು ವಾಸಿ ಎಂದು ಆಕೆಗೆ ಅನ್ನಿಸಿತ್ತು. ಬೈಗುಳಕ್ಕೆ ಸಿದ್ಧನಾಗಿ ಬಂದವನು ಇದಕ್ಕೆ ಸಿದ್ಧನಾಗಿರಲಿಲ್ಲ.

ಅವನು ಬಾಯಿ ತೆರೆದ. ಆಕೆಯ ಹಿಂದಿನಿಂದ ಎರಡು ಜಡೆಯ, ಮಂಡಿ ಗೀಚಿಕೊಂಡಿದ್ದ ಒಬ್ಬ ಹುಡುಗಿ ಇಣುಕಿದಳು. "ಅಮ್ಮ, ಇವರೇನಾ? ಮೊಟ್ಟೆ ಮಾಮನಾ?"

ಹುಡುಗಿ ಅವನ ಮುಂದೆ ಬಂದು ನಿಂತು ಮೇಲೆ ನೋಡಿದಳು.

"ಅವನಿಗೆ ಹುಷಾರಾಯ್ತಾ?"

ಅವನು ತಾಯಿಯ ಕಡೆ ನೋಡಿದ. ಆಕೆ ರಸ್ತೆಯ ಕಡೆ ನೋಡುತ್ತಿದ್ದಳು. ಆಕೆ ಮಗಳಿಗೆ ಹೇಳಿಲ್ಲ. ಇಡೀ ವಾರ ಹೇಳಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದಿರಬೇಕು, ತನ್ನ ಹಾಗೆಯೇ.

"ಆಯ್ತು ಪುಟ್ಟಿ" ಎಂದ. ದನಿ ಎಲ್ಲಿಂದಲೋ ಬಂತು. "ಪೂರ್ತಿ ಹುಷಾರಾದ."

"ನನ್ನ ಮೊಟ್ಟೆ ತಿಂದ್ನಾ?"

"ತಿಂದ."

"ಇಷ್ಟ ಆಯ್ತಂತಾ?"

"ತುಂಬಾ ಇಷ್ಟ ಆಯ್ತು" ಎಂದ. ಆ ತಿಂಗಳುಗಳಲ್ಲಿ ಅವನು ಆಡಿದ ಒಂದೇ ಒಂದು ನಿಜದ ಮಾತು ಅದಾಗಿತ್ತು.

ಆಗ ಆಕೆ ತಿರುಗಿದಳು. ಮಗಳ ಹೆಗಲ ಮೇಲೆ ಕೈಯಿಟ್ಟು, ಅವನ ಮುಖವನ್ನು ನೇರವಾಗಿ ನೋಡುತ್ತ, ಮಗಳಿಗೆ ಹೇಳಿದಳು: "ಅವರು ಈ ಊರು ಬಿಟ್ಟು ಹೋಗ್ತಿದಾರೆ ಕಣೆ. ಇನ್ಮೇಲೆ ಈ ಅಂಗಡಿಗೆ ಬರಲ್ಲ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಹೌದು" ಎಂದ. "ನಾಳೆನೇ ಹೊರಡ್ತೀವಿ."

"ಅವನೂನಾ?"

"ಅವನೂ."

ಹುಡುಗಿ ಯೋಚಿಸಿದಳು. "ಅಲ್ಲಿ ಮೊಟ್ಟೆ ಸಿಗುತ್ತಾ? ಅಲ್ಲೂ ರೇಟು ಜಾಸ್ತಿನಾ?"

"ಜಾಸ್ತಿನೇ ಇರುತ್ತೆ" ಎಂದು, ಅವನು ಟ್ರೇಯನ್ನು ಮುಂದೆ ಚಾಚಿದ. "ಇದು... ಇದು ನಿಂಗೆ ಕೊಡು ಅಂತ ಅವನು..."

"ಬೇಡ" ಎಂದಳು ತಾಯಿ. ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಎಲ್ಲೋ ಆಯಾಸ ಮಾತ್ರ. "ನೀವೇ ಇಟ್ಕೊಳಿ. ದಾರಿಗೆ ಬೇಕಾಗುತ್ತೆ." ಆಮೇಲೆ, ಅಭ್ಯಾಸಬಲದಿಂದಲೋ ಏನೋ, "ಜೋಪಾನವಾಗಿ ಹೋಗಿ" ಎಂದೂ ಸೇರಿಸಿದಳು. ಅಣ್ಣ ಎನ್ನಲಿಲ್ಲ. ಇಬ್ಬರೂ ರಸ್ತೆ ದಾಟಿದರು. ಹುಡುಗಿ ಆಚೆ ಬದಿಯಿಂದ ತಿರುಗಿ ಕೈಬೀಸಿದಳು. ಅವನ ಎರಡು ಕೈಯಲ್ಲೂ ಟ್ರೇ ಇದ್ದುದರಿಂದ ತಲೆಯಾಡಿಸಿದ.

ಟ್ರೇಯನ್ನು ಎದೆಯ ಮಟ್ಟಕ್ಕೆ ಹಿಡಿದು ಮನೆಯ ದಾರಿ ಹಿಡಿದ. ಮೊಟ್ಟೆ ನೋಡಿ ಎದುರಿನಿಂದ ಬರುವವರೆಲ್ಲ ದಾರಿ ಬಿಟ್ಟರು, ಒಬ್ಬ ಮುದುಕ, "ಯಪ್ಪಾ, ಈ ಕಾಲದಲ್ಲಿ ಇಷ್ಟೊಂದಾ! ಮನೆ ತುಂಬ ಜನ ಇರಬೇಕು" ಎಂದು ನಕ್ಕ. ಮುಂದಿನ ವಾರದಿಂದ ಸೇತುವೆಯಾಚೆಯ ಅಂಗಡಿಗೆ ಹೋಗಬೇಕು, ಅಲ್ಲಿ ಇನ್ನೂ ಒಂದಿಷ್ಟು ತುಟ್ಟಿಯಂತೆ. ಇರಲಿ. ಅವನಿಗೆ ನಾಚಿಕೆಯಾಗಬೇಕಿತ್ತು, ಆಗುತ್ತಲೂ ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದು, ಸ್ಟೇಷನ್ನಿನಲ್ಲಿ ಯಾರನ್ನೋ ಬಿಟ್ಟು ಬಂದಂಥ ಸಂಕಟ ಸದ್ದಿಲ್ಲದೆ ಏಳುತ್ತಿತ್ತು. ಹುಡುಗನಿಗೆ ಹುಷಾರಾಗಿದೆ. ಹೋಗುತ್ತಾನೆ. ಅವನು ಹೇಗಿದ್ದಾನೆಂದು ಕೇಳುವವರು ಇನ್ನು ಯಾರೂ ಇಲ್ಲ. ಮೆಟ್ಟಿಲು ಹತ್ತಿ ಬಾಗಿಲೆದುರು ನಿಂತಾಗ, ಬೀಗದ ಕೈ ಜೇಬಿನಲ್ಲಿದೆ, ಎರಡೂ ಕೈಯಲ್ಲಿ ಟ್ರೇಯಿದೆ ಎಂಬುದು ಅವನ ಗಮನಕ್ಕೆ ಬಂತು. ಕೆಳಗಿಟ್ಟು ತೆಗೆಯಬಹುದಾಗಿತ್ತು. ಇಡಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಬಾಗಿಲನ್ನು ಮೆಲ್ಲಗೆ ಎರಡು ಸಲ ತಟ್ಟಿ, ಅವನು ಕಾದು ನಿಂತ.